ಕ್ಯಾಂಪರ್ ಗೀಸರಿನ ಅರ್ಥ್ ವೈರು

ವಸ್ತ್ರಾಪುರ,
ಮಂಗಳವಾರ

ಮಂಥನಣ್ಣಾ,

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಬಲಗೈ ಬೆರಳುಗಳನ್ನು ಮಡಚಲು ಇನ್ನೂ ಆಗುತ್ತಿಲ್ಲ.

ನೀನು ಇಲ್ಲೇ ಬಿಟ್ಟುಹೋದ ಕ್ಯಾಂಪರ್ ವ್ಯಾನಿನ ಗೀಸರನ್ನು ನಾನೇ ಬಿಚ್ಚಿ ನೋಡಿದೆ. ಕಾಯಿಲ್ ಬದಲಿಸಿದ ನೀನು ಅರ್ಥ್ ವೈರನ್ನು ಜೋಡಿಸದೆ ಟೇಪು ಸುತ್ತಿ ಬಿಟ್ಟಿದ್ದೆ. ಸೋರಿದ ಕರೆಂಟು ನೆಲಕ್ಕಿಳಿಯದೆ ನಲ್ಲಿಗೆ ಬಂದು, ಅದನ್ನು ಮುಟ್ಟಿದ ಅಮ್ಮನಿಗೆ ಶಾಕ್ ಹೊಡೆದದ್ದು ಅದಕ್ಕೇ. ಈಗ ಸರಿಮಾಡಿ, ಟೆಸ್ಟರ್ ಇಟ್ಟು ನೋಡಿದ್ದೇನೆ.

“ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದ್ದು ನಿನ್ನದೇ ತಪ್ಪು” ಅಂತ ಅವಳಿಗೇ ಹೇಳಿದೆಯಲ್ಲ, ನಾಚಿಕೆಯಾಗಲಿಲ್ಲವೇ? ನೋಡಲು ಬಂದವರೆದುರೆಲ್ಲ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. ನಾನು ನಿಜ ಹೇಳಿದರೆ, “ಮಂಥನ್ ಹಾಗೆಲ್ಲ ಮಾಡೋನಲ್ಲ, ಸುಮ್ನಿರು” ಅಂದಳು.

ಹಣ್ಣಿನ ಬುಟ್ಟಿ ಕಳಿಸಬೇಡ. ಭಾನುವಾರದೊಳಗೆ ವಡೋದರಾದಿಂದ ಬಂದು, ಅವಳ ಪಕ್ಕ ಕೂತು, ನಿನ್ನ ಬಾಯಿಂದಲೇ ಹೇಳು. ನಿನ್ನ ಮಾತನ್ನು ಮಾತ್ರ ಅವಳು ನಂಬುತ್ತಾಳೆ.

ಧನುಶ್ರೀ