ಎರಡೂ ಎಡಗೈ ತೋಳು

ಹೊಲಿಗೆ ಅಂಗಡಿ,
ಗುರುವಾರ ಮಧ್ಯಾಹ್ನ

ನನ್ನ ಮುದ್ದಿನ ಮಗಳಿಗೆ ಅಮ್ಮನ ತುಂಬು ಪ್ರೀತಿ.

ನಿನ್ನ ಚುಕ್ಕಿ ಇಲ್ಲಿ ಚೆನ್ನಾಗಿದ್ದಾಳೆ. ಹೊಟ್ಟೆ ತುಂಬ ಊಟ ಮಾಡುತ್ತಾಳೆ, ನನ್ನ ಕನ್ನಡಕ ಹುಡುಕಿಕೊಡುತ್ತಾಳೆ. ಅದು ನನ್ನ ತಲೆಯ ಮೇಲೇ ಇದ್ದರೂ ನಗುವುದಿಲ್ಲ. ಒಂಬತ್ತು ವರ್ಷದ ಮಗು ಅಜ್ಜಿಯನ್ನು ನೋಡಿ ನಗಲಿಕ್ಕೂ ಹೆದರುತ್ತದಾ? ರಜೆಗೆ ಬಂದವಳು ನೀರನ್ನೂ ಕೇಳಿ ಕುಡಿಯುತ್ತಾಳೆ. ಲೋಟ ತಗುಲಿ ಸದ್ದಾದರೆ ಸಾರಿ ಅನ್ನುತ್ತಾಳೆ. ಯಾರಿಗೆ? ಮೇಜಿಗೆ!

ಮೊನ್ನೆ ನಾನು ದಾರ ತರಲು ಹೋಗಿದ್ದೆ. ಅಜ್ಜಿಗೆ ಸಹಾಯವಾಗಲಿ ಅಂತ ಗಿರಾಕಿಯ ಕೋಟಿನ ತೋಳುಗಳನ್ನು ಅವಳೇ ಕತ್ತರಿಸಿಟ್ಟಿದ್ದಳು. ಒಂದು ತೋಳು ಆದ ಮೇಲೆ ಕಾಗದದ ಅಚ್ಚನ್ನು ಮಗುಚಿ ಹಾಕಬೇಕಲ್ಲ, ಮರೆತಿದ್ದಾಳೆ. ಎರಡೂ ಎಡಗೈ! ಈ ತಪ್ಪು ಮಾಡದ ದರ್ಜಿ ಇನ್ನೂ ಹುಟ್ಟಿಲ್ಲ. ನಾನು ಬಿದ್ದು ಬಿದ್ದು ನಕ್ಕೆ. ಇನ್ನೊಂದು ಎಡಗೈ ಬೆಳೆಸಿಕೊಂಡು ಬರಲಿ ಬಿಡೇ ಆ ಮನುಷ್ಯ ಅಂದೆ.

ತಿರುಗಿ ನೋಡಿದರೆ ಮಗು ಗೋಡೆಗೆ ಮುಖ ಮಾಡಿ ನಿಂತಿದೆ. ಅಳುತ್ತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಳತೆ ಪುಸ್ತಕದ ಹಾಳೆ ಹರಿದು ಒಂದು ಚೀಟಿ ಬರೆದುಕೊಟ್ಟಳು. ಅಜ್ಜಿ, ನೀನು ಎಷ್ಟು ದಿನ ಮಾತು ಬಿಡ್ತೀಯ? ಅಂತ.

ಬಟ್ಟೆ ಗಂಟಿಗೆ ಸುತ್ತಿ ಬಂದ ಹಳೇ ಪೇಪರ್ ನೋಡಿ ಅಕ್ಷರ ಕಲಿತವಳು ನಾನು. ಇಷ್ಟು ಕಷ್ಟದ ಸಾಲು ಎಂದೂ ಓದಿರಲಿಲ್ಲ.

ತೊಡೆ ಮೇಲೆ ಕೂರಿಸಿಕೊಂಡು ಮೆಲ್ಲಗೆ ಕೇಳಿದೆ. ಹಾಲು ಚೆಲ್ಲಿದರೆ ನೀನು ಎರಡು ದಿನ ಮಾತು ಬಿಡುತ್ತೀಯಂತೆ. ಅಂಕ ಕಡಿಮೆ ಬಂದರೆ ಐದು. ಅವಳು ಎದುರಿಗೇ ಕೂತಿರುವಾಗ ನೀನು ಗಂಡನಿಗೆ, ಈ ಮನೇಲಿ ನಾವಿಬ್ಬರೇ ಅಲ್ವಾ, ಮತ್ತೆ ಯಾರೂ ಕಾಣ್ತಿಲ್ಲ ಅನ್ನುತ್ತೀಯಂತೆ. ಇಷ್ಟೂ ಹೇಳಿ ಕೊನೆಗೆ ಏನಂದಳು ಗೊತ್ತಾ? ಅಮ್ಮ ಒಳ್ಳೆಯವಳು ಅಜ್ಜಿ, ನಾನೇ ಸರಿ ಇಲ್ಲ ಅಂದಳು. ಆ ಮಾತು ಕೇಳಿದ ಮೇಲೇ ನಿನಗೆ ಫೋನ್ ಮಾಡಿದ್ದು.

ನಿನ್ನೆ ಫೋನಿನಲ್ಲಿ ನೀನು, ಒಂದು ಏಟೂ ಹೊಡೆದಿಲ್ಲಮ್ಮ, ಶಿಸ್ತು ಬೇಡ್ವಾ, ಮುದ್ದು ಮಾಡಿ ಕೆಡಿಸಬೇಡ ಅಂದೆ. ಹೊಡೆದಿದ್ದರೆ ಬಾಸುಂಡೆಯಾದರೂ ಏಳುತ್ತಿತ್ತು, ಪಕ್ಕದ ಮನೆಯವರಾದರೂ ಬಂದು ಕೇಳುತ್ತಿದ್ದರು. ಕಣ್ಣೆದುರಿಗಿರುವ ಮಗುವನ್ನು ಇಲ್ಲ ಅನ್ನಿಸುವುದು ಯಾವ ಸೀಮೆಯ ಶಿಸ್ತು?

ಭಾನುವಾರ ಅವಳನ್ನು ಕಳಿಸುವುದಿಲ್ಲ. ನೀನೇ ಬಾ. ಬಂದವಳು ಮೊದಲು ಅವಳ ಹತ್ತಿರ ಮಾತಾಡಬೇಕು, ಆಮೇಲೆ ನನ್ನ ಹತ್ತಿರ. ತಪ್ಪು ನಂದು, ನಿಂದಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ನನ್ನ ಗಿರಾಕಿಯೊಬ್ಬರು ಮಕ್ಕಳ ಡಾಕ್ಟರಮ್ಮ. ಇಂಥ ಗಾಯವನ್ನೂ ನೋಡುತ್ತಾರಂತೆ. ಅವರ ಹತ್ತಿರ ಎಲ್ಲರೂ ಹೋಗೋಣ. ಅಳಿಯಂದಿರೂ ಬರಲಿ, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತದ್ದು ಸಾಕು. ಬೇಕಾದರೆ ನನ್ನ ಮೇಲೆ ಕೂಗಾಡು, ತಡೆದುಕೊಳ್ಳುತ್ತೇನೆ. ಮುಖ ತಿರುಗಿಸಿಕೊಂಡು ಮಾತ್ರ ಬರಬೇಡ.

ಉಳಿದ ಬಟ್ಟೆಯಲ್ಲಿ ಬಲಗೈ ತೋಳನ್ನು ಅವಳೇ ಕತ್ತರಿಸಿದಳು, ಅಚ್ಚು ಮಗುಚಿ ಹಾಕಿ. ಸರಿಯಾಗಿ ಕೂತಿದೆ.

ಸಿಟ್ಟು ಇನ್ನೂ ಇಳಿಯದ, ಆದರೂ ನಿನ್ನ ದಾರಿ ಕಾಯುವ
ಅಮ್ಮ

ತಾ.ಕ.: ಚುಕ್ಕಿಯನ್ನು ಕೇಳಿಯೇ ಆ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹಿಂಬದಿಯಲ್ಲಿ ನಾನು ಅವಳಿಗೆ ಕೊಟ್ಟ ಉತ್ತರವಿದೆ: ಒಂದು ದಿನವೂ ಇಲ್ಲ. ಅದರ ಕೆಳಗೆ ನಿನಗೂ ಒಂದು ಸಾಲು ಬರೆಯಲು ಹೋಗಿ ಮೂರು ಸಲ ಪೆನ್ನು ಕೆಳಗಿಟ್ಟೆ. ಹತ್ತು ವರ್ಷದವಳಿದ್ದಾಗ ನೀನು ಇಸ್ತ್ರಿ ಪೆಟ್ಟಿಗೆ ಮರೆತು ಗಿರಾಕಿಯ ಕೋಟು ಸುಟ್ಟೆಯಲ್ಲ, ಆಗ ಹನ್ನೆರಡು ದಿನ ನಿನ್ನ ಹತ್ತಿರ ಮಾತು ಬಿಟ್ಟಿದ್ದೆ. ಹತ್ತನೆಯ ದಿನ ಬಾಗಿಲ ಹಿಂದೆ ನಿಂತು ನೀನು ಅಮ್ಮಾ ಅಂದೆ. ನನಗೆ ಕೇಳಿಸಲಿಲ್ಲ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದೆ. ಕೇಳಿಸಿತ್ತು ಮಗಳೇ. ತಪ್ಪು ನಂದು, ನಿಂದಲ್ಲ.