ಒಂದೇ ಮಾತಿಗೆ ಒಪ್ಪಿಬಿಟ್ಟೆಯಲ್ಲ

ನಮ್ಮ ಅಡುಗೆಮನೆ
ಶುಕ್ರವಾರ, ನಸುಕಿನ ಮೂರು ಗಂಟೆ

ಪ್ರೀತಿಯ ಅಕ್ಕಾ,

ಮೇಲಿನ ಮನೆಯವರು ಕುರ್ಚಿ ಎಳೆದ ಸದ್ದಿಗೆ ಮಗು ಎದ್ದಿತು, ಅದರ ಜೊತೆ ನಾನೂ. ನಿನ್ನ ಸೊಂಟನೋವು ಹೇಗಿದೆ? ಭಾವನ ಕೆಮ್ಮು? ಕೇಳಬೇಕಾದ್ದು ಕೇಳಿದೆ, ಇನ್ನು ಜಗಳಕ್ಕೆ ಬರುತ್ತೇನೆ. ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಟೈಪ್ ಮಾಡಲು ಹೋದರೆ ನಾನೂ ನಿನ್ನ ಹಾಗೆ ಇಂಗ್ಲಿಷಿನಲ್ಲಿ ನಾಜೂಕಾಗಿಬಿಡುತ್ತೇನೆ.

ಅಪ್ಪ ಇಷ್ಟು ವರ್ಷ ಬಸ್ ವರ್ಕ್‌ಶಾಪಿನಲ್ಲಿ ಗ್ರೀಸ್ ಮೆತ್ತಿಕೊಂಡು ದುಡಿದು ನಿವೃತ್ತರಾಗುತ್ತಿದ್ದಾರೆ. ಅದಕ್ಕೆ ಭಾನುವಾರ ನೀನು ಹೋಟೆಲಿನಲ್ಲಿ ಊಟ ಇಟ್ಟುಕೊಂಡೆ, ಸಂತೋಷ. ಆದರೆ ಒಡಹುಟ್ಟಿದ ತಂಗಿಗೆ ಕಳಿಸಿದ್ದು ‘ಯು ಆರ್ ಕಾರ್ಡಿಯಲಿ ಇನ್ವೈಟೆಡ್’! ನಿನ್ನ ಆಫೀಸಿನವರಿಗೂ ಅದೇ ಕಾರ್ಡು, ನನಗೂ ಅದೇ. ಕೆಳಗೆ ಸಣ್ಣಕ್ಷರದಲ್ಲಿ ‘ನೋ ಚಿಲ್ಡ್ರನ್ ಪ್ಲೀಸ್’. ಇವರಿಗೆ ನೈಟ್ ಶಿಫ್ಟು. ಹಾಲು ಕುಡಿಯುವ ಕೂಸನ್ನು ಎಲ್ಲಿ ಬಿಟ್ಟು ಬರಲಿ, ಹೋಟೆಲಿನ ಪಾರ್ಕಿಂಗಿನಲ್ಲೇ?

ಸಿಟ್ಟಿಗೆ ನಾನೂ ಇಂಗ್ಲಿಷಿನಲ್ಲೇ ಬರೆದೆ: ‘ಥ್ಯಾಂಕ್ ಯೂ ಸೋ ಮಚ್ ಫಾರ್ ದ ಇನ್ವಿಟೇಶನ್. ಅನ್‌ಫಾರ್ಚುನೇಟ್ಲಿ ಐ ವೋಂಟ್ ಬಿ ಏಬಲ್ ಟು ಮೇಕ್ ಇಟ್.’ ಕಳಿಸಿ ಫೋನ್ ಹಿಡಿದುಕೊಂಡೇ ಕೂತೆ, ‘ಏನೇ ಕೊಬ್ಬು ನಿಂಗೆ, ಮಗೂನ ಎತ್ಕೊಂಡು ಸುಮ್ನೆ ಬಾ’ ಎಂದು ನೀನು ಬೈಯುತ್ತೀ ಅಂತ. ನಮ್ಮ ಮನೆಯಲ್ಲಿ ಮೊದಲನೇ ‘ಬರಲ್ಲ’ವನ್ನು ಯಾರಾದರೂ ನಂಬಿದ್ದುಂಟೇ? ಚಿಕ್ಕಮ್ಮ ಪ್ರತಿ ಸಲ ‘ನಾನ್ ಬರಲ್ಲ ಕಣ್ರೇ’ ಅನ್ನುತ್ತಾಳೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಅನ್ನುತ್ತಾಳೆ. ನೀನೋ, ಹಾಲು ಉಕ್ಕುವಷ್ಟು ಹೊತ್ತೂ ಕಾಯದೆ ‘ಟೋಟಲಿ ಅಂಡರ್‌ಸ್ಟ್ಯಾಂಡ್! ವಿಲ್ ಮಿಸ್ ಯೂ!’ ಎಂದು ಒಂದು ಕೆಂಪು ಹೃದಯ ಅಂಟಿಸಿ ಕೈ ತೊಳೆದುಕೊಂಡೆ. ಏನು ಮಣ್ಣು ಅರ್ಥವಾಯಿತು ನಿನಗೆ? ಒಂದೇ ಹೊದಿಕೆಗೆ ಕಿತ್ತಾಡಿ ಬೆಳೆದವರು ನಾವು. ನನ್ನ ‘ಬರಲ್ಲ’ ಅಂದರೆ ‘ಇನ್ನೊಂದು ಸಲ ಕರಿ’ ಅಂತ ನಿನಗೆ ಗೊತ್ತು. ಗೊತ್ತಿದ್ದೇ ಒಪ್ಪಿಕೊಂಡೆ. ಮಗು ಅತ್ತರೆ ನಿನ್ನ ಮ್ಯಾನೇಜರಮ್ಮನ ಮುಂದೆ ನಿನ್ನ ಮರ್ಯಾದೆ ಹೋಗುತ್ತದಲ್ಲ!

ಅಪ್ಪನಿಗೆ ನಮಸ್ಕಾರ ಹೇಳು, ಭಾವನಿಗೂ. ನಿನಗೆ ಹೇಳುವುದಿಲ್ಲ.

ನಿನ್ನ ತಂಗಿ
(ನಿನ್ನ ಕಾರ್ಡಿನ ಪ್ರಕಾರ ‘ಡಿಯರ್ ಗೆಸ್ಟ್’)

ಒಂದು ಮಾತು ಬಿಟ್ಟುಹೋಯಿತು. ನಿನ್ನೆ ಸಂಜೆ ಅಪ್ಪ ಫೋನ್ ಮಾಡಿದ್ದರು. ‘ನೀನ್ ಬರಲ್ವಂತೆ, ಅಕ್ಕ ಹೇಳಿದ್ಳು. ಇರ್ಲಿ ಬಿಡು ಪುಟ್ಟಾ’ ಅಂದರು. ಅವರೂ ಒಂದೇ ಮಾತಿಗೆ ಒಪ್ಪಿಬಿಟ್ಟರು ಅಕ್ಕಾ. ನಾನೂ ‘ಹ್ಞೂಂ’ ಅಂದುಬಿಟ್ಟೆ. ಬೆಳಗ್ಗೆ ನೀನು ಹೋಟೆಲಿನವರಿಗೆ ಎಷ್ಟು ಜನ ಅಂತ ತಿಳಿಸಿಬಿಡುತ್ತೀಯಂತೆ. ಅದಕ್ಕೆ ಮೊದಲು ಫೋನ್ ಮಾಡೇ. ಕರೆಯದಿದ್ದರೆ ಬೇಡ, ಬೈಯುವುದಕ್ಕಾದರೂ ಮಾಡು. ಮಗು ಈಗಷ್ಟೇ ಮಲಗಿದೆ. ರಿಂಗಿಗೆ ಎದ್ದರೆ ಏಳಲಿ, ಬೆಳಗಾಗುವುದರೊಳಗೆ ಮಾಡು.