ಗೆರೆಯವರೆಗೆ ನೀರು

ನನ್ನ ಮುದ್ದಿನ ಕುಳ್ಳನಿಗೆ,

ಪುಟ್ಟಿ ಈಗಷ್ಟೇ ಹಾಲು ಕುಡಿದು ಮಲಗಿದ್ದಾಳೆ. ಇಷ್ಟು ಬರೆದು ಎದ್ದು ಹೋಗಿ, ಅವಳ ಮೂಗಿನ ಬಳಿ ಬೆರಳು ಹಿಡಿದು ನೋಡಿ ಬಂದೆ. ಉಸಿರಾಡುತ್ತಿದ್ದಾಳೆ. ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತಂದ ಮೇಲೆ ನನಗೆ ಇದೇ ಕೆಲಸವಾಗಿದೆ. ನೀನು ಫೋನ್ ಎತ್ತುತ್ತಿಲ್ಲ, ಬಾಗಿಲು ಬಡಿದರೂ ತೆಗೆಯುತ್ತಿಲ್ಲ, ಅದಕ್ಕೇ ಈ ಕಾಗದ. ನಿನ್ನ ಭಾವ ಲಾರಿ ಹತ್ತುವ ಮೊದಲು ಇದನ್ನು ನಿನ್ನ ಕೋಣೆಯ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಾರೆ. ಓದದೆ ಹರಿದು ಹಾಕಿದರೆ ಕಿವಿ ಹಿಂಡುತ್ತೇನೆ, ನಿನಗೆಷ್ಟೇ ವಯಸ್ಸಾಗಿರಲಿ.

ವಿಷಯ ಇಷ್ಟೇ. ಸೋಮವಾರ ನಾನು ಮತ್ತೆ ಆಸ್ಪತ್ರೆಗೆ ಸೇರಬೇಕು, ನನ್ನ ಕ್ಯಾನ್ಸರ್ ಔಷಧಿಯ ಇನ್ನೊಂದು ಸುತ್ತು ಬಾಕಿ ಇದೆ. ಪುಟ್ಟಿ ನಿನ್ನ ಕೈಗೆ ಒಗ್ಗಿಕೊಂಡವಳು. ಅವಳಪ್ಪ ಬಾಟಲಿ ಹಿಡಿದರೆ ಮುಖ ತಿರುಗಿಸುತ್ತಾಳೆ, ನಾನು ಹಿಡಿದರೆ ಅರ್ಧ ಕುಡಿದು ಬಾಗಿಲ ಕಡೆ ನೋಡುತ್ತಾಳೆ. ನೀನೋ, ಮಕ್ಕಳ ವಾರ್ಡಿನ ಮೆಟ್ಟಿಲ ಮೇಲೆ ನಿಂತು "ಇನ್ಮೇಲೆ ಅವಳ ಬಾಟಲಿ ನನ್ನ ಕೈಗೆ ಕೊಡ್ಬೇಡ ಅಕ್ಕ" ಎಂದು ಹೇಳಿ ಹೋದವನು ಮತ್ತೆ ನಮ್ಮ ಮನೆ ಕಡೆ ಸುಳಿದೇ ಇಲ್ಲ.

ಪುಟ್ಟಿಗೆ ಹಾಲಿನ ಪುಡಿಯ ಮೊದಲ ಡಬ್ಬಿ ತಂದ ದಿನ ನೆನಪಿದೆಯಾ? ಔಷಧಿ ಎದೆಹಾಲಿಗೂ ಇಳಿಯುತ್ತದೆ, ಮಗುವಿಗೆ ಕುಡಿಸುವಂತಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ನೀನು ಹಾಲಿನ ಪುಡಿ ಕಾರ್ಖಾನೆಯ ಲ್ಯಾಬಿನಿಂದ ಬಿಳಿ ಕೋಟನ್ನೂ ಬಿಚ್ಚದೆ ಓಡಿ ಬಂದೆ. ಡಬ್ಬಿಯ ಹಿಂಬದಿಯಲ್ಲಿ ಇರುವೆ ಸಾಲಿನ ಹಾಗೆ ಅಚ್ಚಾಗಿದ್ದ ಪಟ್ಟಿಯನ್ನು ನನ್ನ ಕಣ್ಣೆದುರು ಹಿಡಿದು ಒಂದೊಂದನ್ನೇ ಬಿಡಿಸಿ ಹೇಳಿದೆ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಕರುವಿಗೆ ಬೇಕಾದಷ್ಟಿದೆ, ಮಗುವಿನ ಮೂತ್ರಪಿಂಡಕ್ಕೆ ಅದು ಹೊರೆ, ಅದಕ್ಕೇ ಇದರಲ್ಲಿ ಇಳಿಸಿದ್ದೇವೆ ಎಂದೆ. ಹಾಲಿನ ಕೊಬ್ಬಿನ ಜಾಗದಲ್ಲಿ ಎಣ್ಣೆಗಳು, ಸಿಹಿಗೆ ಹಾಲಿನದೇ ಸಕ್ಕರೆ, ರಕ್ತಕ್ಕೆ ಕಬ್ಬಿಣ, ಎಲುಬಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ. ವಿಟಮಿನ್ ಸಿ ದಿನ ಕಳೆದಂತೆ ಕರಗಿಹೋಗುತ್ತದೆಂದು ಬರೆದದ್ದಕ್ಕಿಂತ ತುಸು ಹೆಚ್ಚೇ ಹಾಕಿರುತ್ತೀರಂತೆ. "ಜಾಸ್ತಿ ಇದ್ರೆ ಒಳ್ಳೇದು ಅಂತಲ್ಲ ಅಕ್ಕ, ಎಷ್ಟು ಬೇಕೋ ಅಷ್ಟೇ ಇರ್ಬೇಕು. ಅದನ್ನ ನೋಡೋಕೇ ನನಗೆ ಸಂಬಳ ಕೊಡೋದು" ಎಂದು ಕಾಲರ್ ಸರಿಮಾಡಿಕೊಂಡೆ. ನನ್ನ ಹಾಲಲ್ಲಿ ಇರುವುದೆಲ್ಲ ಇದರಲ್ಲಿ ಇದೆಯಾ ಎಂದು ನಾನು ಕೇಳಿದೆ. ನೀನು ಸುಳ್ಳು ಹೇಳಲಿಲ್ಲ. "ಎಲ್ಲಾ ಇಲ್ಲ. ಕಾಯಿಲೆ ತಡೆಯೋದು ಕೆಲವು ನಿನ್ನ ಹಾಲಲ್ಲಿ ಮಾತ್ರ ಇರುತ್ತೆ, ಅದನ್ನ ಪುಡಿ ಮಾಡೋಕೆ ನಮಗೆ ಬರಲ್ಲ. ಆದ್ರೆ ಇವಳು ಬೆಳೆಯೋಕೆ ಬೇಕಾದ್ದು ಇದೆ" ಎಂದೆ. ಆ ಮಾತು ಕೇಳಿ ನಾನು ಎದ್ದು ಕುಳಿತೆ.

ನೀನು ಬಾಟಲಿ ಮಾಡುವುದನ್ನು ನೋಡುವುದೇ ಒಂದು ಚೆಂದವಾಗಿತ್ತು. ಪುಡಿಯನ್ನು ಚಮಚದ ಬಾಯಿಗೆ ಸಮನಾಗಿ ಸವರಿ ಬಾಟಲಿಗೆ ಹಾಕುತ್ತಿದ್ದೆ. ಆಮೇಲೆ ಮೊಣಕಾಲೂರಿ, ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ, ಗೆರೆ ಮುಟ್ಟುವ ತನಕ ನೀರು ಬಿಡುತ್ತಿದ್ದೆ. ಒಂದು ಹನಿ ಅತ್ತ ಇಲ್ಲ, ಇತ್ತ ಇಲ್ಲ. ಪಕ್ಕದ ಮನೆಯ ಟೈಲರಮ್ಮ ಬಂದು ನೋಡಿ "ನಿಮ್ಮ ತಮ್ಮ ಹಾಲು ಮಾಡ್ತಾನೋ ಚಿನ್ನ ತೂಗ್ತಾನೋ" ಎಂದು ನಕ್ಕಿದ್ದರು. ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ.

ಆಮೇಲೆ ಆ ಬಿಸಿಲಿನ ವಾರ ಬಂತು. ಪುಟ್ಟಿಗೆ ಮಲ ಕಟ್ಟಿತು. ಒಂದೇ ಸಮ ಅತ್ತಳು. ಹಸಿವು ಎಂದುಕೊಂಡು ನೀನು ಇನ್ನೊಂದು ಬಾಟಲಿ ಮಾಡಿದೆ. ಅವಳು ಗಟಗಟ ಕುಡಿದು ಮತ್ತೆ ಅತ್ತಳು. ಮೇಲಿಂದ ಜ್ವರ ಬಂತು, ಬಟ್ಟೆ ಒದ್ದೆಯಾಗುವುದು ನಿಂತಿತು, ತುಟಿ ಒಣಗಿ ಬಿರುಕು ಬಿಟ್ಟಿತು. ಆಟೋದಲ್ಲಿ ಅವಳನ್ನು ಅಪ್ಪಿಕೊಂಡು ಕುಳಿತಾಗ ಅವಳಿಗೆ ಅಳುವ ಶಕ್ತಿಯೂ ಇರಲಿಲ್ಲ.

ಅಷ್ಟು ಸಣ್ಣ ಕೈಗೆ ಡ್ರಿಪ್ ಹಾಕಿದ ಮೇಲೆ ಮಕ್ಕಳ ಡಾಕ್ಟರು ನಮ್ಮನ್ನು ಕರೆದು, ಹಾಲು ಹೇಗೆ ಬೆರೆಸುತ್ತೀರಿ, ಮಾಡಿ ತೋರಿಸಿ ಎಂದರು. ನೀನು ಪರೀಕ್ಷೆಗೆ ನಿಂತ ಜಾಣ ಹುಡುಗನ ಹಾಗೆ ತೋರಿಸಿದೆ. ಪುಡಿ ಹಾಕಿದೆ, ಮೊಣಕಾಲೂರಿದೆ, ಗೆರೆಯವರೆಗೆ ನೀರು ಬಿಟ್ಟೆ. ಡಾಕ್ಟರು ಬೈಯಲಿಲ್ಲ. "ಪುಡಿಯೂ ಜಾಗ ತಗೊಳ್ಳುತ್ತಲ್ವಾ? ಮೊದಲು ಗೆರೆ ತನಕ ನೀರು, ಆಮೇಲೆ ಪುಡಿ. ನೀವು ದಿನಾ ಅವಳಿಗೆ ಕೊಟ್ಟಿದ್ದರಲ್ಲಿ ನೀರು ಕಮ್ಮಿ ಇತ್ತು. ಮಗು ಅತ್ತಿದ್ದು ಬಾಯಾರಿಕೆಗೆ. ಅದರ ಮೇಲೆ ಈ ಬಿಸಿಲು, ಜ್ವರ" ಎಂದರು. ನೀನು ಬಾಟಲಿ ಕೆಳಗಿಟ್ಟೆ. "ಲ್ಯಾಬಲ್ಲಿ ಹೀಗೇ ಮಾಡೋದು" ಎಂದು ಒಮ್ಮೆ ಹೇಳಿದೆ. ಪುಡಿ ಹಾಕಿ ಗುರುತಿನವರೆಗೆ ನೀರು ತುಂಬುವುದು ನಿನ್ನ ಕೈಗೆ ಅಂಟಿಹೋಗಿತ್ತು. ಬೇರೆ ಯಾರೇ ಆಗಿದ್ದರೂ ಡಬ್ಬಿಯ ಪಕ್ಕದಲ್ಲಿರುವ ಚಿತ್ರ ನೋಡಿ ಮಾಡುತ್ತಿದ್ದರು. ನಾವಿಬ್ಬರೂ ಹಿಂಬದಿಯ ಪಟ್ಟಿಯನ್ನೇ ಓದುತ್ತಾ ಕುಳಿತೆವು, ಆ ಚಿತ್ರಗಳ ಕಡೆ ತಿರುಗಿಯೂ ನೋಡಲಿಲ್ಲ.

ಆ ಹೊತ್ತು ನಿನ್ನ ಮೇಲೆ ಸಿಟ್ಟು ಬಂದದ್ದು ನಿಜ. ಮುಚ್ಚಿಡುವುದಿಲ್ಲ. ಆದರೆ ಅವಳು ಕಣ್ಣು ಬಿಟ್ಟು, ನನ್ನನ್ನು ನೋಡಿ, ನನ್ನ ಹಿಂದೆ ಇನ್ನಾರನ್ನೋ ಹುಡುಕಿದಳು. ಆಗ ಸಿಟ್ಟು ಇಳಿಯಿತು. ಈಗ ಅವಳು ಚೆನ್ನಾಗಿದ್ದಾಳೆ, ತೂಕ ಸರಿಯಾಗಿದೆ, ಮೂತ್ರಪಿಂಡಕ್ಕೆ ಏನೂ ಆಗಿಲ್ಲವೆಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ. ಇದನ್ನು ನೀನು ಮೊದಲು ತಲೆಗೆ ಹಾಕಿಕೊಳ್ಳಬೇಕು.

ಚೆನ್ನಾಗಿಲ್ಲದವಳು ನಾನು. ಬಾಟಲಿ ಮಾಡಲು ನಿಂತರೆ ಎಷ್ಟನೆಯ ಚಮಚ ಎಂದು ಅನುಮಾನ ಬಂದು ಪೂರ್ತಿ ಚೆಲ್ಲಿ ಮತ್ತೆ ಶುರು ಮಾಡುತ್ತೇನೆ. ಗಟ್ಟಿಯಾಯಿತೋ ಎಂದು ಹೆದರಿಕೆ, ತೆಳುವಾಗಿ ಅವಳು ಸೊರಗಿದರೆ ಎಂದು ಇನ್ನೊಂದು ಹೆದರಿಕೆ. ಇವೆಲ್ಲದರ ಕೆಳಗೆ ಒಂದು ದೊಡ್ಡ ಹೆದರಿಕೆ ಕುಳಿತಿದೆ, ನಿನ್ನ ಭಾವನ ಮುಂದೆ ಆಡಿಲ್ಲ, ನಿನಗೆ ಹೇಳುತ್ತೇನೆ. ಸೋಮವಾರ ಹೋದವಳು ವಾಪಸ್ಸು ಬರದಿದ್ದರೆ? ಆಗ ಅವಳಿಗೆ ಯಾರ ಕೈ ಗೊತ್ತಿರಬೇಕು?

ಅಮ್ಮ ಕೆಲಸಕ್ಕೆ ಹೋದಾಗ ನಿನಗೆ ಹಾಲು ಕುಡಿಸುತ್ತಿದ್ದವಳು ನಾನು, ಲಂಗ ತೊಡುವ ವಯಸ್ಸಿನವಳು. ಹಸುವಿನ ಹಾಲಿಗೆ ತೋಚಿದಷ್ಟು ನೀರು ಬೆರೆಸುತ್ತಿದ್ದೆ. ದೊಡ್ಡವನಾಗಿ ಲ್ಯಾಬಿಗೆ ಸೇರಿದ ಮೇಲೆ ನೀನೇ ಎಲ್ಲರ ಮುಂದೆ ಗೇಲಿ ಮಾಡಿದೆ, "ಅಕ್ಕ ಕೊಟ್ಟ ಹಾಲಲ್ಲಿ ಕಬ್ಬಿಣವೇ ಇರ್ಲಿಲ್ಲ, ಅದಕ್ಕೇ ನಾನು ಕುಳ್ಳ." ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಹಾಗಂತ ನೀನು ನನ್ನ ಕೈಯ ತುತ್ತು ಬೇಡವೆಂದು ಎಂದಾದರೂ ಎದ್ದು ಹೋದೆಯಾ?

ಸೋಮವಾರ ಬೆಳಿಗ್ಗೆ ನೀರು ಕುದಿಸಿ ಆರಿಸಿ ಬಾಟಲಿಗೆ ಹಾಕಿಟ್ಟಿರುತ್ತೇನೆ, ಸರಿಯಾಗಿ ಗೆರೆಯವರೆಗೆ. ಬೇಕಾದರೆ ಮೊಣಕಾಲೂರಿ ಒಂದು ಕಣ್ಣು ಮುಚ್ಚಿ ನೋಡು. ಡಬ್ಬಿಯನ್ನು ಚಿತ್ರವಿರುವ ಬದಿ ಮುಂದೆ ಮಾಡಿ ಇಡುತ್ತೇನೆ. ಪುಡಿ ಮಾತ್ರ ನಾನು ಹಾಕುವುದಿಲ್ಲ. ಅವಳು ಅತ್ತರೂ ಸ್ವಲ್ಪ ಹೊತ್ತು ಕಾಯುತ್ತೇನೆ.

ನಿನ್ನ ಕೈ ತಣ್ಣಗಿರಲಿ, ಮಗು ನೂರು ಕಾಲ ಬಾಳಲಿ. ಬಾಗಿಲು ತೆರೆದಿಟ್ಟು ಕಾಯುವ,

ನಿನ್ನ ಅಕ್ಕ